ಇನ್ನೂ ಬಾರದ ಲಸಿಕೆಗೆ ಈಗಲೇ ಯಾಕೆ ಲೆಕ್ಕ?

ನಾನು ಇವತ್ತು ಮಾತಾಡಲು ಹೊರಟಿರುವ, ಜನನಾಂಗದ ಹರ್ಪಿಸ್ ತಡೆಯುವ ಲಸಿಕೆ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಮುಂದಿನ ಐದು ವರ್ಷದಲ್ಲಿ ಸಿಗುತ್ತದೆ ಎನ್ನುವ ಖಾತ್ರಿಯೂ ಇಲ್ಲ. ಆದರೂ ಅದು ಬಂದರೆ ಎಷ್ಟು ಜನರಿಗೆ ಸೋಂಕು ತಪ್ಪುತ್ತದೆ, ಎಷ್ಟು ಖರ್ಚಾಗುತ್ತದೆ, ಕೊಟ್ಟ ದುಡ್ಡಿಗೆ ತಕ್ಕ ಫಲ ಸಿಗುತ್ತದಾ ಅಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಕೂತು ಲೆಕ್ಕ ಹಾಕುತ್ತಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಅಂದುಕೊಂಡಿರಬಹುದು. ತಪ್ಪೇನಿಲ್ಲ. ಆದರೆ ಲಸಿಕೆಯ ವಿಷಯದಲ್ಲಿ ಕುಲಾವಿಯನ್ನೇ ಮೊದಲು ಹೊಲಿಯಬೇಕಾಗುತ್ತದೆ. ಒಂದು ಲಸಿಕೆ ಪ್ರಯೋಗಾಲಯದಿಂದ ಜನರ ತೋಳಿಗೆ ಬರಲು ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ದುಡ್ಡು ಸುರಿಯುವವರು ಮೊದಲೇ ಕೇಳುತ್ತಾರೆ: ಎಂಥ ಲಸಿಕೆ ಬೇಕು? ಯಾರಿಗೆ? ಎಷ್ಟು ವರ್ಷ ಕೆಲಸ ಮಾಡಬೇಕು? ಆ ಪ್ರಶ್ನೆಗಳಿಗೆ ಉತ್ತರ ಬರುವುದು ಇಂಥ ಲೆಕ್ಕಗಳಿಂದಲೇ.

ರೋಗದ ಬಗ್ಗೆ ಎರಡು ಮಾತು. ಹರ್ಪಿಸ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ಸರ್ಪಸುತ್ತು ನೆನಪಾಗುತ್ತದೆ. ಅದು ಬೇರೆ. ಅದು ಚಿಕನ್‌ಪಾಕ್ಸ್ ವೈರಸ್ಸಿನ ಕೆಲಸ. ಅದೇ ಕುಟುಂಬದ ವೈರಸ್ಸೇ, ಆದರೆ ಅದಕ್ಕೆ ಒಳ್ಳೆಯ ಲಸಿಕೆ ಆಗಲೇ ಇದೆ. ನಾನು ಹೇಳುತ್ತಿರುವುದು ಹರ್ಪಿಸ್ ಸಿಂಪ್ಲೆಕ್ಸ್. ಇದರಲ್ಲಿ ಎರಡು ಬಗೆ. ಒಂದನೆಯದು ಎಚ್‌ಎಸ್‌ವಿ-1. ಇದು ಹೆಚ್ಚಾಗಿ ಬಾಯಿ, ತುಟಿಯ ಮೇಲೆ ಗುಳ್ಳೆ ತರುತ್ತದೆ, ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಅಂಟುತ್ತದೆ. ಎರಡನೆಯದು ಎಚ್‌ಎಸ್‌ವಿ-2. ಇದು ಬಹುತೇಕ ಲೈಂಗಿಕ ಸಂಪರ್ಕದಿಂದ ಬರುತ್ತದೆ, ಜನನಾಂಗದ ಭಾಗದಲ್ಲಿ ಗುಳ್ಳೆ, ಹುಣ್ಣು ಮಾಡುತ್ತದೆ. ಒಮ್ಮೆ ಬಂದರೆ ಹೋಗುವುದಿಲ್ಲ. ನರದ ಗಂಟಿನೊಳಗೆ ಅಡಗಿ ಕೂರುತ್ತದೆ, ಬೇಕೆನಿಸಿದಾಗ ಹೊರಗೆ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ 15ರಿಂದ 49 ವಯಸ್ಸಿನವರಲ್ಲಿ ಸುಮಾರು 52 ಕೋಟಿ ಜನರಲ್ಲಿ ಎಚ್‌ಎಸ್‌ವಿ-2 ಇದೆ. ಅಂದರೆ ನೂರಕ್ಕೆ ಹದಿಮೂರು ಜನ. ಮೈಸೂರಿನಲ್ಲಿ ಯುವ ಮಹಿಳೆಯರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ನೂರಕ್ಕೆ ಹನ್ನೊಂದರಷ್ಟು ಜನರ ರಕ್ತದಲ್ಲಿ ಇದರ ಗುರುತು ಕಂಡಿತ್ತು. ಮೈಸೂರು ಅಂದಾಗ ಇಲ್ಲಿ ಕೆಲವರ ಹುಬ್ಬು ಮೇಲೇರಿದ್ದು ಕಾಣುತ್ತಿದೆ. ಇದು ಎಲ್ಲೋ ದೂರದ ದೇಶದ ಕಾಯಿಲೆ ಅಲ್ಲ ಅನ್ನುವುದಕ್ಕೇ ಈ ಅಂಕಿ ಹೇಳಿದೆ. ಸೋಂಕಿರುವವರಲ್ಲಿ ಬಹುಪಾಲು ಜನಕ್ಕೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಿಲ್ಲದವರ ಮೈಯಿಂದಲೂ ವೈರಸ್ ಹೊರಬರುತ್ತದೆ. ಅಮೆರಿಕದಲ್ಲಿ ದಿನಾ ಸ್ವಾಬ್ ತೆಗೆದು ನೋಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಗುಳ್ಳೆ ಕಾಣಿಸಿಕೊಳ್ಳುವವರಲ್ಲಿ ನೂರು ದಿನಕ್ಕೆ ಇಪ್ಪತ್ತು ದಿನ, ಯಾವ ಲಕ್ಷಣವೂ ಇಲ್ಲದವರಲ್ಲಿ ಹತ್ತು ದಿನ ವೈರಸ್ ಸಿಕ್ಕಿತು. ಈ ಹತ್ತು ದಿನವನ್ನು ನೆನಪಿಟ್ಟುಕೊಳ್ಳಿ. ರೋಗ ಹರಡುವುದು ಜಾಸ್ತಿ ಈ ದಿನಗಳಲ್ಲೇ.

ಲಸಿಕೆಯ ಪ್ರಯತ್ನಗಳ ಕಥೆ ಉದ್ದ ಇದೆ, ನಾನು ಬೇಗ ಮುಗಿಸುತ್ತೇನೆ. ಎಲ್ಲಕ್ಕಿಂತ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಎಂಟು ಸಾವಿರಕ್ಕೂ ಹೆಚ್ಚು ಯುವತಿಯರು, ಎರಡೂ ಬಗೆಯ ವೈರಸ್ ಇಲ್ಲದವರು. ಎಚ್‌ಎಸ್‌ವಿ-2 ವಿರುದ್ಧ ಆ ಲಸಿಕೆ ಕೆಲಸವನ್ನೇ ಮಾಡಲಿಲ್ಲ. ವಿಚಿತ್ರ ಅಂದರೆ ಎಚ್‌ಎಸ್‌ವಿ-1ರಿಂದ ಆಗುವ ಜನನಾಂಗದ ಹರ್ಪಿಸ್ ವಿರುದ್ಧ ಶೇ 58ರಷ್ಟು ಕೆಲಸ ಮಾಡಿತು. ಇದಕ್ಕೆ ಹತ್ತು ವರ್ಷ ಮುಂಚೆ ಅದೇ ಬಗೆಯ ಲಸಿಕೆ ಹೆಂಗಸರಲ್ಲಿ, ಅದೂ ಎರಡೂ ವೈರಸ್ ಇಲ್ಲದ ಹೆಂಗಸರಲ್ಲಿ ಮಾತ್ರ ಫಲ ಕೊಟ್ಟಿತ್ತು. ಗಂಡಸರಲ್ಲಿ ಇಲ್ಲ. ಆಗಲೇ ಮಾಡೆಲ್ ಮಾಡುವವರು, ಅಂದರೆ ಇಂಥ ಲೆಕ್ಕ ಹಾಕುವವರು, ಒಂದು ತೊಡಕು ಕಂಡರು. ಆಫ್ರಿಕಾದ ಬಹಳಷ್ಟು ಕಡೆ ಬಾಲ್ಯ ಮುಗಿಯುವುದರೊಳಗೆ ಬಹುತೇಕ ಎಲ್ಲರಿಗೂ ಎಚ್‌ಎಸ್‌ವಿ-1 ಬಂದಿರುತ್ತದೆ. ಎರಡೂ ಇಲ್ಲದವರಿಗೆ ಮಾತ್ರ ಕೆಲಸ ಮಾಡುವ ಲಸಿಕೆ ತೆಗೆದುಕೊಂಡು ಅಲ್ಲಿ ಏನು ಮಾಡುವುದು? ಅಂದರೆ ಅತಿ ಹೆಚ್ಚು ಬೇಕಾದ ಕಡೆಯೇ ಅದು ಕೆಲಸಕ್ಕೆ ಬಾರದು. ಈಗ ಎಂಆರ್‌ಎನ್‌ಎ ತಂತ್ರದ ಲಸಿಕೆಗಳನ್ನು ಮೊದಲ ಹಂತಗಳಲ್ಲಿ ಪರೀಕ್ಷಿಸಲು ಶುರು ಮಾಡಿದ್ದಾರೆ. ಗ್ಲಾಕ್ಸೋ ಕಂಪನಿ ಚಿಕಿತ್ಸೆಗೆ ಅಂತ ಮಾಡುತ್ತಿದ್ದ ಒಂದು ಲಸಿಕೆಯನ್ನು 2024ರಲ್ಲಿ ಮುಂದಿನ ಹಂತಕ್ಕೆ ಒಯ್ಯದೆ ನಿಲ್ಲಿಸಿತು.

ಸರಿ, ಲೆಕ್ಕಕ್ಕೆ ಬರೋಣ. ಮಾಡೆಲ್ ಅಂದರೆ ಏನೋ ದೊಡ್ಡ ಮಂತ್ರ ಅಂತ ಹೆದರಬೇಡಿ. ಮೊದಲು ಅತಿ ಸರಳವಾದದ್ದು ಒಂದು ಮಾಡೋಣ. ಪೆನ್ನು ಇದ್ದರೆ ಬರೆದುಕೊಳ್ಳಿ. ಬೆಲೆಗಳು ನಾನು ಸುಮ್ನೆ ಊಹಿಸಿಕೊಂಡವು.

ಹತ್ತು ವರ್ಷದ 1000 ಹುಡುಗಿಯರು. 800 ಜನಕ್ಕೆ ಲಸಿಕೆ ತಲುಪಿತು. ಲಸಿಕೆ ಇಲ್ಲದಿದ್ದರೆ ಇವರಲ್ಲಿ ನೂರಕ್ಕೆ 11 ಜನರಿಗೆ ಮುಂದೆ ಸೋಂಕು ಬರುತ್ತಿತ್ತು ಅಂತ ಇಟ್ಟುಕೊಳ್ಳಿ. 88 ಜನ. ಲಸಿಕೆ ಅರ್ಧದಷ್ಟು ಕೆಲಸ ಮಾಡಿದರೆ 44 ಸೋಂಕು ತಪ್ಪಿತು. ಡೋಸು, ಸಿರಿಂಜು, ನರ್ಸ್ ಸಂಬಳ, ಫ್ರಿಜ್ಜು ಎಲ್ಲ ಸೇರಿ ಒಬ್ಬಳಿಗೆ 500 ರೂಪಾಯಿ. ಒಟ್ಟು 4 ಲಕ್ಷ.

ಈಗ ಆ 44 ಸೋಂಕು ತಪ್ಪಿದ್ದರ ಬೆಲೆ ಏನು? ಇಲ್ಲಿ ಕ್ವಾಲಿ ಅನ್ನುವ ಅಳತೆ ಬರುತ್ತದೆ. ಪೂರ್ತಿ ಆರೋಗ್ಯದಲ್ಲಿ ಕಳೆದ ಒಂದು ವರ್ಷಕ್ಕೆ ಒಂದು ಕ್ವಾಲಿ. ಅಮೆರಿಕದ ಸಂಶೋಧಕರ ಅಂದಾಜಿನಲ್ಲಿ ಒಂದು ಜನನಾಂಗದ ಹರ್ಪಿಸ್ ಸೋಂಕು ಸರಾಸರಿ 0.05 ಕ್ವಾಲಿ ಕಸಿಯುತ್ತದೆ. ದಿನಕ್ಕೆ ತಿರುಗಿಸಿದರೆ ಹದಿನೆಂಟು ದಿನ. ಇಡೀ ಜೀವಮಾನಕ್ಕೆ ಹದಿನೆಂಟು ದಿನ ಅಷ್ಟೇನಾ ಅಂತ ಅನಿಸುತ್ತದೆ. ಲಕ್ಷಣವೇ ಕಾಣದವರನ್ನೂ ಸೇರಿಸಿದ ಸರಾಸರಿ ಅದು, ಅದಕ್ಕೇ ಇಷ್ಟು ಕಡಿಮೆ. 44 ಸೋಂಕಿಗೆ 2.2 ಕ್ವಾಲಿ ಆಯಿತು. 4 ಲಕ್ಷವನ್ನು ಅದರಿಂದ ಭಾಗಿಸಿ. ಒಂದು ಕ್ವಾಲಿಗೆ ಸುಮಾರು 1 ಲಕ್ಷ 80 ಸಾವಿರ ರೂಪಾಯಿ.

ಇದು ಜಾಸ್ತಿಯೋ ಕಡಿಮೆಯೋ? ನಮ್ಮ ದೇಶದಲ್ಲಿ ಇಂಥ ಲೆಕ್ಕ ನೋಡುವವರು ಸಾಮಾನ್ಯವಾಗಿ ತಲಾ ಜಿಡಿಪಿಯ ಜೊತೆ ಹೋಲಿಸುತ್ತಾರೆ. ಅದು ಈಗ ಎರಡೂಕಾಲು ಲಕ್ಷದ ಆಸುಪಾಸು. ಹಾಗಾಗಿ ನಮ್ಮ ಲಸಿಕೆ ಪಾಸ್!

ಖುಷಿಪಡಬೇಡಿ. ಒಂದು ಸಾಲು ಬಿಟ್ಟಿದ್ದೇವೆ. ಲಸಿಕೆಯ ದುಡ್ಡು ಇವತ್ತೇ ಖರ್ಚಾಗುತ್ತದೆ. ಸೋಂಕು ತಪ್ಪುವುದು ಹುಡುಗಿ ಇಪ್ಪತ್ತೆರಡು ವರ್ಷದವಳಾದಾಗ, ಅಂದರೆ ಹನ್ನೆರಡು ವರ್ಷ ಆದ ಮೇಲೆ. ಮುಂದೆ ಸಿಗುವ ಲಾಭವನ್ನು ವರ್ಷಕ್ಕೆ ಶೇ 3ರಂತೆ ಕಡಿಮೆ ಮಾಡಿ ನೋಡುವುದು ಅರ್ಥಶಾಸ್ತ್ರಜ್ಞರ ರೂಢಿ. ಹನ್ನೆರಡು ವರ್ಷದಲ್ಲಿ ನೂರು ರೂಪಾಯಿ ಎಪ್ಪತ್ತಾಗುತ್ತದೆ. 2.2 ಕ್ವಾಲಿ 1.54ಕ್ಕೆ ಇಳಿಯಿತು. ಒಂದು ಕ್ವಾಲಿಯ ಬೆಲೆ 2 ಲಕ್ಷ 60 ಸಾವಿರಕ್ಕೆ ಏರಿತು. ಲಸಿಕೆ ಫೇಲ್. ಲಸಿಕೆಯಲ್ಲಿ ಏನೂ ಬದಲಾಗಲಿಲ್ಲ, ವೈರಸ್ಸಿನಲ್ಲೂ ಬದಲಾಗಲಿಲ್ಲ. ನಮ್ಮ ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಂ ಸೇರಿತು, ಅಷ್ಟೆ.

ಅದಕ್ಕೇ ನಾನು ನಿಮಗೆ ಹೇಳುವುದು, ಈ ಲಸಿಕೆ ದುಡ್ಡಿಗೆ ತಕ್ಕದ್ದು ಅಥವಾ ಅಲ್ಲ ಅಂತ ಯಾರಾದರೂ ಒಂದು ಅಂಕಿ ಮುಂದಿಟ್ಟರೆ ಅದನ್ನು ಒಪ್ಪುವ ಮುಂಚೆ ಅದರೊಳಗೆ ಏನೇನು ಹಾಕಿದ್ದೀರಿ ಅಂತ ಕೇಳಿ. ಮಾಡೆಲ್ಲಿನ ಬೆಲೆ ಇರುವುದು ಅದರ ಕೊನೆಯ ಅಂಕಿಯಲ್ಲಿ ಅಲ್ಲ. ಯಾವುದನ್ನು ಅಲ್ಲಾಡಿಸಿದರೆ ಆ ಅಂಕಿ ಅಲ್ಲಾಡುತ್ತದೆ ಅನ್ನುವುದರಲ್ಲಿ.

ನಮ್ಮ ಪುಟ್ಟ ಲೆಕ್ಕದಲ್ಲಿ ಒಂದು ದೊಡ್ಡ ದೋಷ ಇದೆ. ಯಾರಾದರೂ ಗಮನಿಸಿದಿರಾ? ಸೋಂಕು ತಪ್ಪಿದ ಆ 44 ಹುಡುಗಿಯರಿಂದ ಮುಂದೆ ಇನ್ಯಾರಿಗೋ ಹೋಗಬೇಕಿದ್ದ ಸೋಂಕೂ ತಪ್ಪಿತಲ್ವಾ? ಅದನ್ನು ನಾವು ಎಣಿಸಲೇ ಇಲ್ಲ. ಅಂಟುರೋಗಕ್ಕೆ ಮಾಡುವ ಸರಿಯಾದ ಮಾಡೆಲ್ಲಿನಲ್ಲಿ ಊರಿನ ಜನರನ್ನು ಗುಂಪುಗಳಾಗಿ ಒಡೆಯುತ್ತಾರೆ. ಸೋಂಕು ಬರದವರು, ಬಂದವರು, ಲಸಿಕೆ ಪಡೆದವರು, ಲಸಿಕೆಯ ಬಲ ಇಳಿದುಹೋದವರು. ಅವರನ್ನು ಮತ್ತೆ ವಯಸ್ಸು, ಗಂಡು ಹೆಣ್ಣು, ಸಂಗಾತಿಗಳ ಸಂಖ್ಯೆ ಅಂತ ಒಡೆಯುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ವರ್ಷಗಳನ್ನು ಓಡಿಸುತ್ತಾರೆ. ಫ್ಲೂನಂಥ ಕಾಯಿಲೆಯಲ್ಲಿ ಸೋಂಕು ಬಂದವರು ಒಂದೆರಡು ವಾರದಲ್ಲಿ ಆ ಗುಂಪಿನಿಂದ ಆಚೆ ಬರುತ್ತಾರೆ. ಹರ್ಪಿಸ್‌ನಲ್ಲಿ ಹಾಗಲ್ಲ. ಒಳಗೆ ಹೋದವರು ಒಳಗೇ ಇರುತ್ತಾರೆ. ಇವತ್ತು ಇಪ್ಪತ್ತೈದು ವರ್ಷದವರಲ್ಲಿ ಇರುವ ಸೋಂಕು ಇನ್ನೂ ಮೂವತ್ತು ವರ್ಷ ಹರಡುತ್ತಲೇ ಇರುತ್ತದೆ. ಹಾಗಾಗಿ ಮಕ್ಕಳಿಗೆ ಲಸಿಕೆ ಶುರು ಮಾಡಿದರೆ ಮೊದಲ ಹತ್ತು ವರ್ಷ ಗ್ರಾಫ್ ಅಲ್ಲಾಡುವುದೇ ಇಲ್ಲ. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವ ಸರ್ಕಾರದ ಎದುರು ಈ ಗ್ರಾಫ್ ಹಿಡಿದು ನಿಂತುಕೊಳ್ಳುವುದು ಸುಲಭದ ಕೆಲಸ ಅಲ್ಲ ಬಿಡಿ.

ಇಂಥ ಮಾಡೆಲ್‌ಗಳಲ್ಲಿ ನನಗೆ ಬಹಳ ಕಲಿಸಿದ್ದು ದಕ್ಷಿಣ ಆಫ್ರಿಕಾದ ಬಗ್ಗೆ 2023ರಲ್ಲಿ ಬಂದದ್ದು. ಆ ದೇಶವನ್ನೇ ಯಾಕೆ ಆರಿಸಿದರು? ಜಗತ್ತಿನಲ್ಲಿ ಅತಿ ಹೆಚ್ಚು ಎಚ್‌ಐವಿ ಪೀಡಿತರು ಇರುವುದು ಅಲ್ಲಿ. ಎಚ್‌ಎಸ್‌ವಿ-2 ಕೂಡ ಬಹಳ ವ್ಯಾಪಕ. ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಜನಕ್ಕೆ ಲಸಿಕೆ, ಶೇ 80ರಷ್ಟು ಪರಿಣಾಮ, ಜೀವನಪೂರ್ತಿ ರಕ್ಷಣೆ. ಹೀಗೆಂದುಕೊಂಡರೆ ನಲವತ್ತು ವರ್ಷದಲ್ಲಿ ಹೊಸ ಎಚ್‌ಎಸ್‌ವಿ-2 ಸೋಂಕುಗಳು ಶೇ 80ಕ್ಕಿಂತ ಜಾಸ್ತಿ ಇಳಿಯುತ್ತವೆ. ಈಗ ಒಂದೊಂದನ್ನೇ ಅಲ್ಲಾಡಿಸಿ. ಪರಿಣಾಮವನ್ನು 80ರಿಂದ 50ಕ್ಕೆ ಇಳಿಸಿ. ಆಗಲೂ ಸೋಂಕು ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ. ನೂರಕ್ಕೆ 80ರ ಬದಲು 40 ಮಕ್ಕಳಿಗೆ ಮಾತ್ರ ಲಸಿಕೆ ತಲುಪಲಿ. ಆಗಲೂ ಹೆಚ್ಚೂಕಮ್ಮಿ ಅಷ್ಟೇ. ಇನ್ನು ಪರಿಣಾಮವನ್ನೂ ತಲುಪುವ ಮಕ್ಕಳ ಸಂಖ್ಯೆಯನ್ನೂ ಮುಟ್ಟದೆ, ರಕ್ಷಣೆ ಹತ್ತು ವರ್ಷ ಮಾತ್ರ ಅಂತ ಮಾಡಿ. ಇಳಿಕೆ ಮೂರನೇ ಒಂದಕ್ಕೂ ಕಡಿಮೆ!

ಯೋಚಿಸಿ ನೋಡಿದರೆ ಕಾರಣ ಕಣ್ಣೆದುರೇ ಇದೆ. ಒಂಬತ್ತನೇ ವಯಸ್ಸಿಗೆ ಚುಚ್ಚಿದ ಲಸಿಕೆ ಹತ್ತೊಂಬತ್ತಕ್ಕೆ ಮುಗಿಯುತ್ತದೆ. ಅಪಾಯ ಶುರುವಾಗುವುದೇ ಆಗ. ಪತ್ರಿಕೆಗಳ ತಲೆಬರಹದಲ್ಲಿ ನಾವು ಓದುವುದು ಯಾವಾಗಲೂ ಶೇಕಡಾವಾರು ಪರಿಣಾಮ. ಶೇ 90 ಪರಿಣಾಮಕಾರಿ, ಶೇ 95 ಪರಿಣಾಮಕಾರಿ. ಎಷ್ಟು ವರ್ಷ ಅನ್ನುವುದು ಒಳಪುಟದಲ್ಲೂ ಇರುವುದಿಲ್ಲ. ಈ ಲಸಿಕೆಯ ಮಟ್ಟಿಗೆ ನಾನು ಆರಿಸಬೇಕಾದರೆ ಶೇ 90 ಕೆಲಸ ಮಾಡಿ ಎಂಟು ವರ್ಷಕ್ಕೆ ಕೈಕೊಡುವುದಕ್ಕಿಂತ ಶೇ 50 ಕೆಲಸ ಮಾಡಿ ಮೂವತ್ತು ವರ್ಷ ನಿಲ್ಲುವುದನ್ನೇ ಆರಿಸುತ್ತೇನೆ. ಅಥವಾ ವಯಸ್ಸನ್ನು ಹದಿನಾಲ್ಕು ಹದಿನೈದಕ್ಕೆ ತಳ್ಳಬೇಕು. ಆದರೆ ಆ ವಯಸ್ಸಿಗೆ ಎಷ್ಟೋ ಹುಡುಗಿಯರು ಶಾಲೆ ಬಿಟ್ಟಿರುತ್ತಾರೆ. ಶಾಲೆ ಬಿಟ್ಟವರನ್ನು ಹುಡುಕಿಕೊಂಡು ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಬೇಕು. ಆಗ ನಮ್ಮ 500 ರೂಪಾಯಿ 500 ಆಗಿ ಉಳಿಯುವುದಿಲ್ಲ.

ಅದೇ ಮಾಡೆಲ್ಲಿನಲ್ಲಿ ಇನ್ನೊಂದು ಫಲಿತಾಂಶ ಇತ್ತು, ಅದೇ ದೊಡ್ಡ ಸುದ್ದಿ. ಹೊಸ ಎಚ್‌ಐವಿ ಸೋಂಕುಗಳೂ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತವೆ ಅಂತ. ಹರ್ಪಿಸ್ ಲಸಿಕೆಗೂ ಎಚ್‌ಐವಿಗೂ ಏನು ಸಂಬಂಧ ಅಂತ ಕೇಳಬಹುದು. ಎಚ್‌ಎಸ್‌ವಿ-2 ಇದ್ದವರಿಗೆ ಎಚ್‌ಐವಿ ತಗಲುವ ಸಂಭವ ಹತ್ತಿರ ಹತ್ತಿರ ಮೂರು ಪಟ್ಟು ಜಾಸ್ತಿ ಅಂತ ಹಲವು ಅಧ್ಯಯನಗಳು ತೋರಿಸಿವೆ. ಹುಣ್ಣು ಬಾಗಿಲು ತೆರೆಯುತ್ತದೆ. ಜೊತೆಗೆ ಎಚ್‌ಐವಿಗೆ ಬೇಕಾದ ರಕ್ತಕಣಗಳೂ ಅಲ್ಲೇ ಬಂದು ಸೇರುತ್ತವೆ. 2016ರಲ್ಲಿ ಲೈಂಗಿಕವಾಗಿ ಬಂದ ಸುಮಾರು 14 ಲಕ್ಷ ಹೊಸ ಎಚ್‌ಐವಿ ಸೋಂಕುಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಎಚ್‌ಎಸ್‌ವಿ-2ರ ಪಾಲು ಅಂತ ಒಂದು ಅಂದಾಜು ಇದೆ.

ಈ ಎಚ್‌ಐವಿ ಲಾಭ ಲೆಕ್ಕದೊಳಗೆ ಬಂದ ಕೂಡಲೇ ಲಸಿಕೆಯ ಹಣೆಬರಹವೇ ಬದಲಾಗುತ್ತದೆ. ಹದಿನೆಂಟು ದಿನದ ಜಾಗದಲ್ಲಿ ಇಡೀ ಜೀವಮಾನದ ಔಷಧಿ, ಸಾವು ಎಲ್ಲ ತಕ್ಕಡಿಗೆ ಬೀಳುತ್ತವೆ. ಆದರೆ ಇಲ್ಲೇ ನನಗೆ ಒಂದು ತಕರಾರಿದೆ. ಆ ಮೂರು ಪಟ್ಟು ಅನ್ನುವುದು ಪೂರ್ತಿ ಹರ್ಪಿಸ್‌ನಿಂದಲೇ ಬಂದದ್ದಾ? ಯಾರಿಗೆ ಎಚ್‌ಎಸ್‌ವಿ-2 ಬರುವ ಸಂದರ್ಭ ಇತ್ತೋ ಅವರಿಗೇ ಎಚ್‌ಐವಿ ಬರುವ ಸಂದರ್ಭವೂ ಇತ್ತಲ್ಲ. ಈ ಎರಡನ್ನು ಬಿಡಿಸುವುದು ಕಷ್ಟ. ಬಿಡಿಸಿ ನೋಡಲು ಒಂದು ಒಳ್ಳೆಯ ಅವಕಾಶ ಸಿಕ್ಕಿತ್ತು. ಎಚ್‌ಎಸ್‌ವಿ-2 ಇರುವವರಿಗೆ ದಿನಾ ಹರ್ಪಿಸ್ ತಗ್ಗಿಸುವ ಎಸೈಕ್ಲೋವಿರ್ ಮಾತ್ರೆ ಕೊಟ್ಟು, ಎಚ್‌ಐವಿ ತಗಲುವುದು ಕಡಿಮೆಯಾಗುತ್ತದಾ ಅಂತ ದೊಡ್ಡ ಪ್ರಯೋಗಗಳನ್ನು ಮಾಡಿದರು. 2008ರಲ್ಲಿ ಫಲಿತಾಂಶ ಬಂತು. ಕಡಿಮೆಯಾಗಲಿಲ್ಲ. ಎರಡೂ ಸೋಂಕಿರುವವರಿಗೆ ಮಾತ್ರೆ ಕೊಟ್ಟು, ಅವರ ಸಂಗಾತಿಗೆ ಎಚ್‌ಐವಿ ಹರಡುವುದು ನಿಲ್ಲುತ್ತದಾ ಅಂತ ನೋಡಿದ್ದು 2010ರಲ್ಲಿ. ಹುಣ್ಣು ಕಡಿಮೆಯಾಯಿತು, ಹರಡುವುದು ಕಡಿಮೆಯಾಗಲಿಲ್ಲ.

ಇದಕ್ಕೆ ಒಂದು ಸಮಾಧಾನ ಇದೆ. ಹುಣ್ಣು ವಾಸಿಯಾಗಿ, ಚರ್ಮ ಮುಚ್ಚಿಕೊಂಡ ಮೇಲೂ ಆ ಜಾಗದಲ್ಲಿ ಎಚ್‌ಐವಿಗೆ ಬೇಕಾದ ಕಣಗಳು ವಾರಗಟ್ಟಲೆ ಉಳಿದಿರುತ್ತವೆ ಅಂತ 2009ರಲ್ಲಿ ತೋರಿಸಿದರು. ಮಾತ್ರೆ ನುಂಗುತ್ತಿದ್ದವರಲ್ಲೂ ಉಳಿದಿದ್ದವು. ಹಾಗಾಗಿ ಬಂದ ಹರ್ಪಿಸನ್ನು ಮಾತ್ರೆಯಿಂದ ತಗ್ಗಿಸುವುದು ಬೇರೆ, ಬರದಂತೆಯೇ ತಡೆಯುವುದು ಬೇರೆ ಅನ್ನುವ ವಾದ ನಿಲ್ಲುತ್ತದೆ. ನಾನು ಈ ವಾದವನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲಿಗೋಸ್ಕರ, ಎಚ್‌ಐವಿ ಲಾಭ ಸೇರಿಸಿದ ಲೆಕ್ಕ ಒಂದು, ಸೇರಿಸದ ಲೆಕ್ಕ ಒಂದು, ಎರಡನ್ನೂ ಪಕ್ಕ ಪಕ್ಕದಲ್ಲಿ ಇಡಿ ಅಂತ ಕೇಳುತ್ತೇನೆ. ಇನ್ನೊಂದು ವಿಷಯ. ಎಚ್‌ಐವಿಗೆ ಈಗ ಒಳ್ಳೆಯ ಔಷಧಿಗಳಿವೆ, ತಡೆಗಟ್ಟುವ ಮಾತ್ರೆಗಳೂ ಇಂಜೆಕ್ಷನ್ನುಗಳೂ ಬಂದಿವೆ. ನಲವತ್ತು ವರ್ಷದಲ್ಲಿ ಎಚ್‌ಐವಿಯೇ ತಗ್ಗಿದರೆ ಹರ್ಪಿಸ್ ಲಸಿಕೆ ಆ ಲಾಭವನ್ನು ತೋರಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಅದು ಒಳ್ಳೆಯ ತೊಂದರೆಯೇ, ಬಿಡಿ.

ಈಗ ಖರ್ಚಿನ ಕಡೆ ಇರುವ ಒಂದು ಅನ್ಯಾಯ ಹೇಳಬೇಕು. ಜನನಾಂಗದ ಹರ್ಪಿಸ್‌ನಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 3500 ಕೋಟಿ ಡಾಲರ್ ಹೊರೆ ಅಂತ ಒಂದು ಅಂದಾಜಿದೆ, ಚಿಕಿತ್ಸೆ ಮತ್ತು ಕೆಲಸದ ನಷ್ಟ ಸೇರಿ. ಲಸಿಕೆ ಬಂದರೆ ಉಳಿಯುವ ಚಿಕಿತ್ಸೆಯ ಖರ್ಚನ್ನು ಲಸಿಕೆಯ ಬೆಲೆಯಿಂದ ಕಳೆಯುತ್ತಾರೆ. ಅಮೆರಿಕದಲ್ಲಿ ರೋಗಿ ಡಾಕ್ಟರ ಹತ್ತಿರ ಹೋಗುತ್ತಾಳೆ, ಪರೀಕ್ಷೆ ಆಗುತ್ತದೆ, ಮಾತ್ರೆ ಬರೆಯುತ್ತಾರೆ, ಕೆಲವರು ವರ್ಷಗಟ್ಟಲೆ ದಿನಾ ನುಂಗುತ್ತಾರೆ. ಕಳೆಯುವುದಕ್ಕೆ ದೊಡ್ಡ ಮೊತ್ತ ಸಿಗುತ್ತದೆ. ನಮ್ಮ ಹಳ್ಳಿಯ ಒಬ್ಬ ಹೆಂಗಸು? ಉರಿ, ಗುಳ್ಳೆ ಅಂತ ಅತ್ತೆಗೆ ಹೇಳುವುದಿಲ್ಲ, ಗಂಡನಿಗೂ ಹೇಳುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಯಾವುದೋ ಟ್ಯೂಬು ತರಿಸಿ ಹಚ್ಚಿಕೊಂಡು ಸುಮ್ಮನಾಗುತ್ತಾಳೆ. ಲೆಕ್ಕದಲ್ಲಿ ಅವಳ ಖರ್ಚು ಆ ಟ್ಯೂಬಿನ ಬೆಲೆ ಮಾತ್ರ. ಚಿಕಿತ್ಸೆ ಸಿಗದ ಕಡೆ ಲಸಿಕೆ ಉಳಿಸುವ ದುಡ್ಡೂ ಕಡಿಮೆ ಕಾಣುತ್ತದೆ. ಆದ್ದರಿಂದ ಲಸಿಕೆಯೇ ದುಬಾರಿ ಅಂತ ಕಾಣುತ್ತದೆ. ನರಳಿದ್ದು ಕಡಿಮೆಯಾಗಿ ಅಲ್ಲ, ನರಳಿದ್ದಕ್ಕೆ ಬಿಲ್ ಆಗದೆ ಹೋದದ್ದಕ್ಕೆ.

ಕ್ವಾಲಿಯ ಕಡೆಯೂ ಇದೇ ಕಥೆ. ಈ ಕಾಯಿಲೆಯಲ್ಲಿ ಗುಳ್ಳೆಯ ನೋವಿಗಿಂತ ಜಾಸ್ತಿ ಕಾಡುವುದು ಸಂಶಯ, ಅವಮಾನ, ಮದುವೆಯ ಮಾತು ಬಂದಾಗಿನ ದಿಗಿಲು. 0.05 ಅನ್ನುವ ಅಂಕಿ ಅಮೆರಿಕದ್ದು. ಗಂಡನಿಂದಲೇ ಸೋಂಕು ಬಂದು, ಊರಿನ ಕಣ್ಣಲ್ಲಿ ತಪ್ಪಿತಸ್ಥೆ ತಾನಾಗುವ ಹೆಂಗಸಿಗೂ ಅದೇ ಹದಿನೆಂಟು ದಿನ ಅಂತ ಬರೆಯುವುದು ಸರಿಯಾ? ಇಲ್ಲಿನ ಹೆಂಗಸರನ್ನೇ ಕೂರಿಸಿ ಕೇಳಿ ಅಳೆಯಬೇಕು. ನಾವು ಆಗ ಮಾಡಿದ ಲೆಕ್ಕದಲ್ಲಿ ಆ ಅಂಕಿ 0.05ರ ಬದಲು 0.06 ಆದರೂ ಸಾಕು, ಫೇಲಾದ ಲಸಿಕೆ ಮತ್ತೆ ಗೆರೆಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಬೇಕಾದರೆ ಮನೆಗೆ ಹೋಗಿ ಮಾಡಿ ನೋಡಿ.

ಹುಟ್ಟುವ ಮಕ್ಕಳ ವಿಷಯವನ್ನೂ ಬಿಡಬಾರದು. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಹೊಸದಾಗಿ ಸೋಂಕು ಬಂದರೆ ಹೆರಿಗೆಯಲ್ಲಿ ಮಗುವಿಗೆ ದಾಟುವ ಅಪಾಯ ಬಹಳ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 14 ಸಾವಿರ ಶಿಶುಗಳಿಗೆ ಹೀಗಾಗುತ್ತದೆ ಅಂತ ಅಂದಾಜು. ಸಂಖ್ಯೆ ಚಿಕ್ಕದು. ಆದರೆ ಚಿಕಿತ್ಸೆ ಸಿಗದಿದ್ದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಉಳಿಯುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಸೋಂಕು ಬರದಂತೆ ತಡೆಯುವ ಲಸಿಕೆ. ಈಗಾಗಲೇ ಸೋಂಕಿರುವವರಿಗೆ ಕೊಡುವ ಲಸಿಕೆಯ ಪ್ರಯತ್ನವೂ ನಡೆಯುತ್ತಿದೆ. ಗುಳ್ಳೆ ಏಳುವುದು, ವೈರಸ್ ಹೊರಬರುವುದು ಎರಡನ್ನೂ ತಗ್ಗಿಸುವಂಥದ್ದು. ಇದರ ಲಾಭ ಬೇಗ ಕಾಣುತ್ತದೆ, ಹನ್ನೆರಡು ವರ್ಷ ಕಾಯಬೇಕಿಲ್ಲ. ಆದರೆ ಇಲ್ಲೂ ಒಂದು ಬಲೆ. ವೈರಸ್ ಹೊರಬರುವ ದಿನಗಳು ಅರ್ಧ ಆದರೆ ಹರಡುವುದೂ ಅರ್ಧ ಆಗುತ್ತದೆ ಅಂತ ಅಂದುಕೊಳ್ಳಬಾರದು. ಒಬ್ಬರಿಗೆ ಮಾತ್ರ ಸೋಂಕಿದ್ದ ದಂಪತಿಗಳಲ್ಲಿ ಎಸೈಕ್ಲೋವಿರ್ ಬಗೆಯದೇ ಆದ ವ್ಯಾಲಸೈಕ್ಲೋವಿರ್ ಮಾತ್ರೆ ಕೊಟ್ಟು ನೋಡಿದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ವೈರಸ್ ಸಿಗುವ ದಿನಗಳು ನೂರಕ್ಕೆ ಸುಮಾರು 11ರಿಂದ 3ಕ್ಕೆ ಇಳಿದವು. ಸಂಗಾತಿಗೆ ಸೋಂಕು ಹರಡಿದ್ದು ಮಾತ್ರ ಶೇ 48ರಷ್ಟೇ ಕಡಿಮೆಯಾಯಿತು. ಇನ್ನು ಸೋಂಕಿದೆ ಅಂತ ಗೊತ್ತಿರುವವರಿಗೆ ಮಾತ್ರ ತಾನೇ ಈ ಲಸಿಕೆ ಕೊಡಲು ಆಗುವುದು? ಗೊತ್ತಿಲ್ಲದ ಆ ಬಹುಪಾಲು ಜನ ಹೊರಗೇ ಉಳಿಯುತ್ತಾರೆ. ಅದಕ್ಕೇ ಇದನ್ನು ರೋಗಿಯ ಕಷ್ಟ ಕಡಿಮೆ ಮಾಡುವ ಔಷಧಿ ಅಂತ ತೂಗಿದರೆ ಒಳ್ಳೆಯ ಅಂಕ ಸಿಗುತ್ತದೆ. ಹರಡುವುದನ್ನು ತಡೆಯುವ ಆಯುಧ ಅಂತ ತೂಗಿದರೆ ಅಷ್ಟು ಸಿಗುವುದಿಲ್ಲ.

ಮುಂದಿನ ಸಾಲಿನಲ್ಲಿ ಕೂತ ಮೇಡಂ ಕೇಳುತ್ತಿದ್ದಾರೆ: ಇಷ್ಟು ಹೊತ್ತು ಬರೀ ಹುಡುಗಿಯರ ಲೆಕ್ಕ ಹಾಕಿದಿರಿ, ಹುಡುಗರಿಗೆ ಬೇಡವಾ? ಒಳ್ಳೆಯ ಪ್ರಶ್ನೆ. ನಾನು ಹುಡುಗಿಯರನ್ನು ಇಟ್ಟುಕೊಂಡದ್ದು, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ದಾರಿ ಹಾಗೆ ಇದೆ ಅಂತ. ಸಿಕ್ಕಿಂ 2018ರಲ್ಲಿ ಶಾಲೆಗಳಲ್ಲಿ ಹುಡುಗಿಯರಿಗೆ ಅದನ್ನು ಕೊಟ್ಟು ತೋರಿಸಿತು. ಅದೇ ಶಾಲೆ, ಅದೇ ನರ್ಸು, ಅದೇ ದಿನ ಇನ್ನೊಂದು ಚುಚ್ಚುಮದ್ದು ಅಂದರೆ ಖರ್ಚು ಬಹಳ ಇಳಿಯುತ್ತದೆ. ಹುಡುಗರ ವಿಷಯದಲ್ಲಿ ಎಚ್‌ಪಿವಿ ಮಾಡೆಲ್‌ಗಳು ಒಂದು ಪಾಠ ಕಲಿಸಿವೆ. ಹುಡುಗಿಯರಲ್ಲಿ ನೂರಕ್ಕೆ 80, 90 ಜನಕ್ಕೆ ತಲುಪಿದ್ದರೆ ಹುಡುಗರಿಗೂ ಕೊಡುವುದರಿಂದ ಸಿಗುವ ಹೆಚ್ಚಿನ ಲಾಭ ಕಡಿಮೆ. ಆ ದುಡ್ಡಿನಲ್ಲಿ ಬಿಟ್ಟುಹೋದ ಹುಡುಗಿಯರನ್ನು ಹುಡುಕುವುದು ಮೇಲು. ಹುಡುಗಿಯರಲ್ಲಿ ಅರ್ಧಕ್ಕಿಂತ ಕಡಿಮೆ ಜನಕ್ಕೆ ತಲುಪಿದ್ದರೆ ಹುಡುಗರನ್ನು ಸೇರಿಸುವುದು ಲಾಭ. ಆದರೆ ಹುಡುಗಿಯರಿಗೆ ಎಷ್ಟೇ ಕೊಟ್ಟರೂ ಗಂಡಸರ ಜೊತೆ ಸಂಬಂಧ ಇರುವ ಗಂಡಸರಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ, ಮತ್ತು ಎಚ್‌ಐವಿ ಅಪಾಯ ಅವರಲ್ಲಿ ಜಾಸ್ತಿ. ಹರ್ಪಿಸ್‌ನಲ್ಲಿ ಇನ್ನೊಂದು ಹೆಚ್ಚಿನ ತೊಡಕಿದೆ. ವೈರಸ್ ಗಂಡಿನಿಂದ ಹೆಣ್ಣಿಗೆ ಹೋಗುವಷ್ಟು ಸುಲಭವಾಗಿ ಹೆಣ್ಣಿನಿಂದ ಗಂಡಿಗೆ ಹೋಗುವುದಿಲ್ಲ. ಹೆಣ್ಣನ್ನು ಕಾಪಾಡಲು ಗಂಡಿಗೆ ಲಸಿಕೆ ಕೊಡಬೇಕಾ ಅನ್ನುವುದು ಆಗ ತಮಾಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಗಂಡಸರಲ್ಲೂ ಕೆಲಸ ಮಾಡುವ ಲಸಿಕೆ ಬಂದರೆ ಮೊದಲು ಓಡಿಸಬೇಕಾದ ಲೆಕ್ಕ ಅದೇ.